ಕುರ್ಚಿ ತಿರುಗಿಸುವ ಕೆಲಸ

ನಾನು ಮಲ್ಪೆಯಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದ ಕಾಲದಲ್ಲಿ ನೋಟುಗಳು ಒದ್ದೆಯಾಗಿಯೇ ಬರುತ್ತಿದ್ದವು. ದಕ್ಕೆಯಲ್ಲಿ ಮೀನು ಮಾರಿದ ಹೆಂಗಸರು ಸೆರಗಿನ ಗಂಟು ಬಿಚ್ಚಿ ಕೌಂಟರಿನ ಮೇಲೆ ಇಡುತ್ತಿದ್ದ ದುಡ್ಡಿನಲ್ಲಿ ಮೀನಿನ ವಾಸನೆ, ಉಪ್ಪುನೀರು ಎರಡೂ ಇರುತ್ತಿದ್ದವು. ಎಣಿಸುವ ಮೊದಲು ಅವನ್ನು ಫ್ಯಾನಿನ ಕೆಳಗೆ ಹರಡಿ, ಹಾರಿಹೋಗದಂತೆ ಅಂಚಿಗೆ ಲೆಡ್ಜರ್ ಇಟ್ಟು ಒಣಗಿಸುತ್ತಿದ್ದೆವು. ಹೀಗೆ ಹತ್ತು ವರ್ಷ ಮೀನಿನ ದುಡ್ಡು ಎಣಿಸಿದ ನಾನು ಒಮ್ಮೆಯೂ ದೋಣಿ ಹತ್ತಿ ಕಡಲಿಗೆ ಹೋದವನಲ್ಲ. ಹೋದದ್ದು ಎಪ್ಪತ್ತು ದಾಟಿದ ಮೇಲೆ. ಅದೂ ಹವಾಯಿ ದ್ವೀಪದಲ್ಲಿ, ಮೊಮ್ಮಗನ ಜೊತೆ.

ಮಗಳ ಸಂಸಾರ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ನಾವು ಗಂಡ ಹೆಂಡತಿ ಅಲ್ಲಿಗೆ ಹೋಗಿದ್ದ ವರ್ಷ ಮೊಮ್ಮಗನಿಗೆ ಹದಿಮೂರು ತುಂಬಿತು. ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದರೆ ಮಾಣಿಯದು ಒಂದೇ ಮಾತು: "ಹವಾಯಿಯಲ್ಲಿ ಮಾರ್ಲಿನ್ ಹಿಡಿಯಬೇಕು." ಜುಲೈ ರಜೆಯಲ್ಲಿ ಅಳಿಯ ಒಂದು ದಿನದ ಮಟ್ಟಿಗೆ ದೋಣಿ ಗೊತ್ತುಮಾಡಿದ. ಬಾಡಿಗೆ ಕೇಳಿ ನನ್ನ ಎದೆ ಧಸಕ್ಕೆಂದಿತು. ಒಂದು ಕಾಲಕ್ಕೆ ಅಷ್ಟು ದುಡ್ಡಿಗೆ ಮಲ್ಪೆಯಲ್ಲಿ ದೋಣಿಯ ಎಂಜಿನ್ನಿಗೇ ಸಾಲ ಮಂಜೂರಾಗುತ್ತಿತ್ತು! ಅಳಿಯನಿಗೆ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಅವನೂ ನಮ್ಮ ಮನೆಯಾಕೆಯೂ ದಡದಲ್ಲೇ ಉಳಿದರು. ಮಗಳು, ಮೊಮ್ಮಗ, ನಾನು, ಮೂವರು ಹೊರಟೆವು.

ನಾವು ಹೋದ ಊರು ಕೋನಾ. ಹವಾಯಿಯ ದೊಡ್ಡ ದ್ವೀಪದ ಪಶ್ಚಿಮ ದಡ. ಅಲ್ಲಿ ದೊಡ್ಡ ಮೀನು ಹಿಡಿಯುವ ಅಂತಾರಾಷ್ಟ್ರೀಯ ಪಂದ್ಯ 1959ರಲ್ಲೇ ಶುರುವಾಯಿತಂತೆ. ಅದಕ್ಕೆ ಕಾರಣ ನೆಲದಲ್ಲೇ ಇದೆ. ಆ ದ್ವೀಪ ಜ್ವಾಲಾಮುಖಿಗಳಿಂದಲೇ ಆದದ್ದು. 4,000 ಮೀಟರಿಗೂ ಎತ್ತರದ ಮೌನಾ ಕೇಯಾ, ಮೌನಾ ಲೋವಾ ಎಂಬ ಎರಡು ಬೆಟ್ಟಗಳು ಪೂರ್ವದಿಂದ ಬೀಸುವ ಗಾಳಿಯನ್ನು ತಡೆಯುತ್ತವೆ. ಹಾಗಾಗಿ ಕೋನಾದ ಕಡಲು ಹೆಚ್ಚಾಗಿ ಶಾಂತ. ಬೆಟ್ಟದ ಇಳಿಜಾರು ನೀರಿನೊಳಗೂ ಹಾಗೆಯೇ ಮುಂದುವರಿಯುವುದರಿಂದ ದಡದಿಂದ ಕೆಲವೇ ಮೈಲಿ ಹೋದರೆ ಆಳ 1,000 ಮೀಟರ್ ದಾಟುತ್ತದೆ. ಆಳನೀರಿನ ದೊಡ್ಡ ಮೀನುಗಳು ಮನೆ ಬಾಗಿಲಿಗೇ ಬಂದ ಹಾಗೆ. ನಮ್ಮ ಕಡೆ ಹಾಗಲ್ಲ. ಮಲ್ಪೆಯಿಂದ ಅಷ್ಟೇ ದೂರ ಹೋದರೂ ಆಳ ಕೆಲವು ಹತ್ತು ಮೀಟರ್ ಮಾತ್ರ. ಅದೂ ಅಲ್ಲದೆ ಜೂನ್, ಜುಲೈ ಅಂದರೆ ನಮ್ಮಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ. ದೋಣಿಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ.

ಬೆಳಗಿನ ಜಾವ ಹೊನೊಕೊಹಾವು ಬಂದರಿಗೆ ಹೋದೆವು. ದೋಣಿ ನಡೆಸುವವನನ್ನು ನಮ್ಮ ಕಡೆ ತಾಂಡೇಲ ಎನ್ನುತ್ತೇವೆ. ಅಲ್ಲಿಯ ತಾಂಡೇಲ ಬಿಸಿಲಿಗೆ ಮುಖ ಸುಟ್ಟ, ಬಿಳಿ ಗಡ್ಡದ ಮನುಷ್ಯ. ನಮಸ್ಕಾರವಾದ ಕೂಡಲೇ ಅವನು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಚೀಲದಲ್ಲಿ ಬಾಳೆಹಣ್ಣು ಇದೆಯೇ?"

ಇತ್ತು. ಚಪಾತಿ, ಉಪ್ಪಿನಕಾಯಿಯ ಜೊತೆ ನಮ್ಮಾಕೆ ಆರು ಬಾಳೆಹಣ್ಣು ಕಟ್ಟಿ ಕೊಟ್ಟಿದ್ದಳು. ಅವನ ಮುಖ ಬಾಡಿತು. ಮೀನು ಹಿಡಿಯುವ ದೋಣಿಯಲ್ಲಿ ಬಾಳೆಹಣ್ಣು ಅಪಶಕುನವಂತೆ! ನಮ್ಮಲ್ಲಿ ಬಾಳೆಹಣ್ಣಿಲ್ಲದೆ ಒಂದು ಶುಭಕಾರ್ಯವಿಲ್ಲ. ಮೀನುಗಾರಿಕೆ ಶುರುವಾಗುವ ಮುನ್ನ ಮಲ್ಪೆಯವರು ಸಮುದ್ರಪೂಜೆ ಮಾಡಿ ಹಾಲು, ಹೂವು, ಹಣ್ಣು, ಕಾಯಿ ಅರ್ಪಿಸುತ್ತಾರೆ. ಕಡಲು ಒಂದೇ, ಶಾಸ್ತ್ರ ಮಾತ್ರ ಊರಿಗೊಂದು. ವಾದ ಮಾಡದೆ, ಮೂವರೂ ಬಂದರಿನ ಕಟ್ಟೆಯ ಮೇಲೆ ನಿಂತು ತಲಾ ಎರಡು ಹಣ್ಣು ತಿಂದು ಮುಗಿಸಿದೆವು. ಸಿಪ್ಪೆಯನ್ನೂ ದಡದ ಕಸದ ಡಬ್ಬಿಗೇ ಹಾಕಿಸಿದ ಪುಣ್ಯಾತ್ಮ.

ಮಕ್ಕಳೇ, ಈ ಮೀನು ಹಿಡಿಯುವ ಬಗೆ ನೀವು ಕೆರೆಯ ದಂಡೆಯಲ್ಲಿ ನೋಡುವ ಗಾಳದಂತಲ್ಲ. ದೋಣಿಯ ಎರಡು ಬದಿಗೂ ರೆಕ್ಕೆಯ ಹಾಗೆ ಉದ್ದನೆಯ ಕೋಲು ಚಾಚಿರುತ್ತವೆ. ಅವುಗಳಿಂದಲೂ ಹಿಂಬದಿಯಿಂದಲೂ ಐದಾರು ದಾರಗಳನ್ನು ನೀರಿಗೆ ಬಿಡುತ್ತಾರೆ. ತುದಿಯಲ್ಲಿ ಬಣ್ಣಬಣ್ಣದ ಕುಚ್ಚು ಕಟ್ಟಿದ ಹುಸಿಮೀನು, ಅದರೊಳಗೆ ಕೊಕ್ಕೆ. ದೋಣಿ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಈ ಹುಸಿಮೀನುಗಳು ನೊರೆಯೆಬ್ಬಿಸುತ್ತ ನಿಜವಾದ ಮೀನಿನ ಹಾಗೆ ಹಿಂದೆ ಓಡಿ ಬರುತ್ತವೆ. ಆಮೇಲೆ ಕಾಯುವುದೇ ಕೆಲಸ. ಗಂಟೆಗಟ್ಟಲೆ ಕಾಯಬೇಕು.

ಮೊದಲು ಸಿಕ್ಕಿದ್ದು ಟ್ಯೂನ. ನಮ್ಮ ಕರಾವಳಿಯಲ್ಲಿ ಕೇದರ ಎನ್ನುವ ಮೀನಿನ ದೊಡ್ಡ ಬಂಧು. ಅಲ್ಲಿಯವರು ಹಳದಿ ರೆಕ್ಕೆಯ ಈ ಟ್ಯೂನವನ್ನು 'ಅಹಿ' ಎನ್ನುತ್ತಾರೆ. ಆಳನೀರಿನಲ್ಲಿ ಲಂಗರು ಹಾಕಿ ತೇಲಿಬಿಟ್ಟ ಒಂದು ಬುರುಡೆಯ ಬಳಿ ಹಕ್ಕಿಗಳು ಮುಗಿಬೀಳುತ್ತಿದ್ದವು. ತೇಲುವ ವಸ್ತುವಿನ ಕೆಳಗೆ ಮೀನು ಕೂಡುತ್ತದೆ ಎಂಬುದು ಎಲ್ಲ ಊರಿನ ಮೀನುಗಾರರಿಗೂ ಗೊತ್ತು. ಸುಮಾರು 18 ಕಿಲೋದ ಆ ಮೀನನ್ನು ಮಗಳೇ ರೀಲು ಸುತ್ತಿ ಎಳೆದಳು. ಮೇಲೆ ಬಂದದ್ದೇ ತಡ, ಸಹಾಯಕ ಹುಡುಗ ಕ್ಷಣದಲ್ಲಿ ಅದರ ಜೀವ ತೆಗೆದು, ರಕ್ತ ಹರಿಸಿ, ಮಂಜುಗಡ್ಡೆಯೊಳಗೆ ಇಳಿಸಿದ. ಇಷ್ಟೇಕೆ ಅವಸರ ಎಂದು ಕೇಳಿದೆ. ಉಳಿದ ಮೀನುಗಳಂತಲ್ಲ, ಟ್ಯೂನದ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಬೇಗ ತಣ್ಣಗೆ ಮಾಡದಿದ್ದರೆ ಮಾಂಸ ಕೆಡುತ್ತದೆ ಎಂದ. ನನ್ನ ಲೆಕ್ಕದ ಬುದ್ಧಿಗೆ ಸಮಾಧಾನವಾಯಿತು. ಖರ್ಚಿನ ಎದುರಿಗೆ ಜಮಾ ಒಂದು ಬಿತ್ತಲ್ಲ!

ಮಾರ್ಲಿನ್ ಬಂದದ್ದು ಮಧ್ಯಾಹ್ನ ಒಂದರ ಮೇಲೆ. ಚಪಾತಿ ಬಾಯಲ್ಲಿತ್ತು. ರೀಲು ಒಮ್ಮೆಲೆ ಕಿರುಚಿಕೊಂಡಿತು. ದೂರದಲ್ಲಿ ನೀರು ಸೀಳಿಕೊಂಡು ಈಟಿಯಂಥ ಮೂತಿ, ಹಿಂದೆಯೇ ನೀಲಿ ಮೈ ಪೂರ್ತಿ ಮೇಲಕ್ಕೆ ಚಿಮ್ಮಿತು. ಮೈಮೇಲೆ ಒಳಗಿನಿಂದ ದೀಪ ಹಚ್ಚಿದ ಹಾಗೆ ಪಟ್ಟೆಗಳು. ಬಿದ್ದು, ಮತ್ತೆ ಚಿಮ್ಮಿತು.

ದೋಣಿಯ ಹಿಂಭಾಗದ ನಡುವೆ, ಕ್ಷೌರದಂಗಡಿಯಲ್ಲಿರುವಂಥ ತಿರುಗುವ ಕುರ್ಚಿಯೊಂದಿತ್ತು. ಮಾಣಿಯನ್ನು ಅದರಲ್ಲಿ ಕೂರಿಸಿ, ಪಟ್ಟಿ ಬಿಗಿದು, ಗಾಳದ ಕೋಲನ್ನು ಕೈಗೆ ಕೊಟ್ಟರು. ನಿಯಮ ಏನೆಂದರೆ, ಮೀನು ಕಚ್ಚಿದ ಮೇಲೆ ಹಿಡಿಯುವವನು ಒಬ್ಬನೇ. ಬೇರೆ ಯಾರಾದರೂ ಕೋಲು ಮುಟ್ಟಿದರೆ ಅದು ಅವನು ಹಿಡಿದ ಮೀನು ಎನಿಸುವುದಿಲ್ಲ. ಮೀನು ಯಾವ ಕಡೆ ಓಡುತ್ತದೋ ಕುರ್ಚಿಯನ್ನು ಆ ಕಡೆಗೆ ತಿರುಗಿಸಲು ಮಾತ್ರ ಇನ್ನೊಬ್ಬರು ಬೇಕು. ಸಹಾಯಕ ಹುಡುಗನಿಗೆ ಉಳಿದ ದಾರಗಳನ್ನು ಒಳಗೆಳೆಯುವ ಕೆಲಸವಿತ್ತು. ಅವನು ನನ್ನ ಕಡೆ ನೋಡಿ, "ಅಜ್ಜಾ, ನೀವು ಕುರ್ಚಿ ಹಿಡಿಯಿರಿ" ಎಂದ. ಹಾಗೆ ನನಗೆ ನೌಕರಿ ಸಿಕ್ಕಿತು.

ಕೋಲು ಎತ್ತಬೇಕು, ಇಳಿಸುವಾಗ ರೀಲು ಸುತ್ತಬೇಕು. ಹತ್ತು ಸುತ್ತು ಸುತ್ತುವಷ್ಟರಲ್ಲಿ ಮೀನು ಇಪ್ಪತ್ತು ಸುತ್ತು ಎಳೆದುಕೊಂಡು ಹೋಗುತ್ತಿತ್ತು. ಅರ್ಧ ಗಂಟೆ ಕಳೆಯಿತು. ಮಾಣಿಯ ತೋಳು ನಡುಗುತ್ತಿತ್ತು, ಮುಖ ಕೆಂಪಾಗಿತ್ತು. "ಅಜ್ಜಯ್ಯ, ನನ್ನ ಹತ್ತಿರ ಆಗೂದಿಲ್ಲ. ನೀವೇ ಹಿಡೀರಿ" ಎಂದು ಅತ್ತೇಬಿಟ್ಟ.

ನನ್ನ ಕೈ ತಾನಾಗಿ ಮುಂದೆ ಹೋಯಿತು. ಅದು ಆ ಕೈಗೆ ಅಭ್ಯಾಸ. ಮಲ್ಪೆಯಲ್ಲಿ ಎಷ್ಟೋ ಜನರ ಅರ್ಜಿ ತುಂಬಿದ ಕೈ ಅದು. ಅಕ್ಷರ ಮುತ್ತಿನಂತಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಮಗಳು ಪಿಯುಸಿ ಮುಗಿಸಿದಾಗ ಅವಳ ಕಾಲೇಜು ಅರ್ಜಿಯನ್ನೂ ನಾನೇ ತುಂಬಿದೆ. ಎಂಜಿನಿಯರಿಂಗ್, ಕಂಪ್ಯೂಟರ್ ಎಂದು ಒಂದೂ ಚಿತ್ತಿಲ್ಲದೆ ಬರೆದು, "ಇಲ್ಲಿ ಸಹಿ ಹಾಕು" ಎಂದು ಬೆರಳಿಟ್ಟು ತೋರಿಸಿದೆ. ಅವಳು ಹಾಕಿದಳು. ಅವಳಿಗೆ ಗಿಡಮರಗಳ ವಿಷಯ ಓದುವ ಆಸೆಯಿತ್ತು ಎಂದು ನನಗೆ ತಿಳಿದದ್ದು ಹದಿನೈದು ವರ್ಷದ ಮೇಲೆ, ಅದೂ ಅವಳ ಅಮ್ಮನ ಬಾಯಿಂದ. ಮಗಳು ಚೆನ್ನಾಗಿಯೇ ಇದ್ದಾಳೆ. ನನ್ನನ್ನು ಒಂದು ಮಾತೂ ಅಂದವಳಲ್ಲ. ಆದರೆ ಅವಳ ಮನೆಯ ಹಿತ್ತಿಲಲ್ಲಿ ಸಾಲಾಗಿಟ್ಟ ಕುಂಡಗಳನ್ನು ನೋಡಿದಾಗಲೆಲ್ಲ ನನಗೆ ಆ ಅರ್ಜಿ ನೆನಪಾಗುತ್ತದೆ.

ಮಗಳು ಎದುರಿಗೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಕೈಯನ್ನು ಹಿಂದಕ್ಕೆ ತಂದು ಮತ್ತೆ ಕುರ್ಚಿಯ ಬೆನ್ನಿಗೆ ಇಟ್ಟೆ.

"ಮಾಣಿ, ಕೋಲು ನಿನ್ನದು. ಕುರ್ಚಿ ನನ್ನದು. ಸಾಕಾದರೆ ದಾರ ಕತ್ತರಿಸಲು ಹೇಳು, ಯಾರೂ ಬೈಯುವುದಿಲ್ಲ. ಅದನ್ನೂ ನೀನೇ ಹೇಳಬೇಕು" ಎಂದೆ.

ಅವನು ಅಳುತ್ತಲೇ ಸುತ್ತಿದ. ಸ್ವಲ್ಪ ಹೊತ್ತಿಗೆ ಅಳು ನಿಂತಿತು, ಸುತ್ತುವುದು ನಿಲ್ಲಲಿಲ್ಲ. ಮೀನು ಎಡಕ್ಕೆ ಹೋದರೆ ನಾನು ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಇನ್ನೂ ಇಪ್ಪತ್ತು ನಿಮಿಷದ ಮೇಲೆ ಮಾರ್ಲಿನ್ ದೋಣಿಯ ಪಕ್ಕಕ್ಕೆ ಬಂತು. ದಣಿದು ಅದರ ನೀಲಿ ಕಂದಿ ಕಂದುಬಣ್ಣವಾಗಿತ್ತು. 70 ಕಿಲೋ ಇರಬಹುದು, ಬಹುಶಃ ಗಂಡು ಎಂದ ತಾಂಡೇಲ. ಈ ಜಾತಿಯಲ್ಲಿ ಗಂಡು 150 ಕಿಲೋ ಮೀರುವುದು ಅಪರೂಪವಂತೆ. 500 ಕಿಲೋ ದಾಟುವ ಭಾರೀ ಮೀನುಗಳೆಲ್ಲ ಹೆಣ್ಣೇ. ಓದುವ ಅಜ್ಜಿಯಂದಿರಿಗೆ ಇದು ಸಂತೋಷದ ವಿಷಯ!

"ಇಟ್ಟುಕೊಳ್ಳುವುದೋ, ಬಿಡುವುದೋ?" ಎಂದು ತಾಂಡೇಲ ಮಾಣಿಯನ್ನು ಕೇಳಿದ. ಅಲ್ಲಿ ಮಾರ್ಲಿನ್ ತಿನ್ನುವವರಿದ್ದಾರೆ, ಮಾರಾಟವೂ ಆಗುತ್ತದೆ. ನನ್ನೊಳಗಿನ ಗುಮಾಸ್ತ 70 ಕಿಲೋಗೆ ದರ ಕಟ್ಟುತ್ತಿದ್ದ. ಬಾಯಿ ಮಾತ್ರ ಮುಚ್ಚಿಕೊಂಡಿದ್ದೆ.

"ಊಟಕ್ಕೆ ಅಹಿ ಇದೆಯಲ್ಲ. ಇದನ್ನು ಬಿಡೋಣ" ಎಂದ ಮಾಣಿ.

ಉದ್ದ ಕೋಲಿನಿಂದ ಬೆನ್ನಿನ ಬಳಿ ಸಂಖ್ಯೆಯಿರುವ ಸಣ್ಣ ಪಟ್ಟಿಯೊಂದನ್ನು ಚುಚ್ಚಿದರು. ಮುಂದೆಂದಾದರೂ ಇದು ಸಿಕ್ಕರೆ ಎಷ್ಟು ದೂರ ಹೋಯಿತು, ಎಷ್ಟು ಬೆಳೆಯಿತು ಎಂದು ತಿಳಿಯುತ್ತದೆ. ಕೊಕ್ಕೆ ಬಿಡಿಸಿ, ಸಹಾಯಕ ಹುಡುಗ ಕೈಗವಸು ಹಾಕಿ ಮೂತಿಯನ್ನು ಹಿಡಿದುಕೊಂಡ. ದೋಣಿ ನಿಧಾನಕ್ಕೆ ಮುಂದೆ ಸಾಗಿತು. ಬಾಯಿಂದ ಕಿವಿರಿಗೆ ನೀರು ಹರಿದರೆ ಮೀನಿಗೆ ಉಸಿರು ಬರುತ್ತದೆ. ಕೆಲವು ನಿಮಿಷಕ್ಕೆ ನೀಲಿ ಮರಳಿ ಬಂತು. ಬಾಲ ಒಮ್ಮೆ ಬಡಿದು ಆಳಕ್ಕೆ ಇಳಿದುಹೋಯಿತು.

"ಅಜ್ಜಯ್ಯ, ಬಿಟ್ಟರೂ ಅದಕ್ಕೆ ನೋವಾಗಿರುತ್ತದೆ ಅಲ್ಲವೇ?" ಎಂದು ಕೇಳಿದ ಮಾಣಿ.

"ಆಗಿರುತ್ತದೆ" ಎಂದೆ. ಹೊಟ್ಟೆಪಾಡಿಗೆ ಮೀನು ಹಿಡಿಯುವವರ ನಡುವೆ ಹತ್ತು ವರ್ಷ ಕಳೆದ ನನಗೆ ಬೇರೆ ಉತ್ತರ ಹೊಳೆಯಲಿಲ್ಲ. ಇನ್ನೂ ಎರಡು ಗಂಟೆ ಬಾಡಿಗೆ ಬಾಕಿಯಿತ್ತು. "ನನಗೆ ಒಂದೇ ಸಾಕು" ಎಂದ ಅವನು. ದೋಣಿ ತಿರುಗಿಸಿದೆವು.

ಬಂದರು ಹತ್ತಿರವಾದಾಗ ತಾಂಡೇಲ ಒಂದು ಕಾರ್ಡು ತಂದುಕೊಟ್ಟ. ಚುಚ್ಚಿದ ಪಟ್ಟಿಯ ಸಂಖ್ಯೆ, ದಿನಾಂಕ, ಜಾಗ, ಅಂದಾಜು ತೂಕ, ಹಿಡಿದವರ ಹೆಸರು ಎಂದು ಸಾಲುಗಳು. ನನ್ನ ಜೇಬಿನಲ್ಲಿ ಪೆನ್ನು ಸದಾ ಇರುತ್ತದೆ. ಮುಚ್ಚಳ ತೆಗೆದೆ. ತೆಗೆದು ಮಾಣಿಯ ಕೈಗೆ ಕೊಟ್ಟೆ. ಕೈ ಇನ್ನೂ ನಡುಗುತ್ತಿದ್ದುದರಿಂದ ಅಕ್ಷರಗಳೆಲ್ಲ ಒಂದೊಂದು ದಿಕ್ಕಿಗೆ. ತೂಕವನ್ನು ತಪ್ಪು ಬರೆದು, ಹೊಡೆದು, ಮೇಲೆ ತಿದ್ದಿದ.

ಅಲ್ಲಿಯ ವಾಡಿಕೆಯಂತೆ ಮೀನು ದೋಣಿಯವರದು. ನಮಗೆ ಅಹಿಯ ಒಂದು ತುಂಡು ಕಟ್ಟಿಕೊಟ್ಟರು. ರಾತ್ರಿ ನಮ್ಮಾಕೆ ಊರಿನಿಂದ ತಂದ ಮೆಣಸಿನ ಪುಡಿ ಹಚ್ಚಿ ಹುರಿದಳು. ಮಾಣಿ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಮಗಳು ನನಗೆ ಬಡಿಸುತ್ತ ಮೆಲ್ಲಗೆ, "ಅಪ್ಪಯ್ಯ, ಇವತ್ತು ಫಾರ್ಮ್ ಅವನೇ ತುಂಬಿದ" ಎಂದಳು.

"ಹೌದು. ತಿದ್ದಿದ ಕಡೆ ಒಂದು ಸಹಿ ಹಾಕಿಸಬೇಕಿತ್ತು" ಎಂದೆ.

ಅವಳು ಜೋರಾಗಿ ನಕ್ಕು ಇನ್ನೊಂದು ತುಂಡು ಬಡಿಸಿದಳು.