ಸೂಪರ್‌ಮ್ಯಾನ್ ಹುಟ್ಟಿದ ಮನೆ

ಕ್ಲೀವ್‌ಲ್ಯಾಂಡ್ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿಗಾಗಿ ಕಾಯುತ್ತಾ ನಿಂತಿದ್ದೆವು. ಅಷ್ಟು ದೂರ ಕೂತೇ ಬಂದದ್ದರಿಂದ ನನ್ನಾಕೆಯ ಕಾಲು ಊದಿಕೊಂಡಿತ್ತು. ತಲೆಯೆತ್ತಿ ನೋಡಿದರೆ ನೀಲಿ ಬಟ್ಟೆ, ಕೆಂಪು ಹೊದಿಕೆ ತೊಟ್ಟ ಸೂಪರ್‌ಮ್ಯಾನ್ ಪ್ರತಿಮೆ!

“ಇವನಿಗೇನ್ರೀ ಇಲ್ಲಿ ಕೆಲಸ?” ಎಂದಳು ನನ್ನಾಕೆ.

“ಇದು ಅವನ ತವರೂರು ಅಜ್ಜಿ,” ಎಂದ ನಮ್ಮನ್ನು ಕರೆದೊಯ್ಯಲು ಅಪ್ಪನ ಜೊತೆ ಬಂದಿದ್ದ ಮೊಮ್ಮಗ.

ನಾನು ನಕ್ಕೆ. ಸೂಪರ್‌ಮ್ಯಾನ್ ಬೇರೆ ಯಾವುದೋ ಗ್ರಹದಿಂದ ಬಂದವನೆಂದು ನನಗೂ ಗೊತ್ತಿತ್ತು. ಆದರೆ ಹುಡುಗ ಹೇಳಿದ್ದು ನಿಜ. ಸೂಪರ್‌ಮ್ಯಾನನ ಕಥೆ ಬರೆದವನೂ ಚಿತ್ರ ಬಿಡಿಸಿದವನೂ ಇದೇ ಊರಿನ ಹುಡುಗರು.

ಮೊಮ್ಮಗ ಐದನೇ ಕ್ಲಾಸು. ನಾವು ಹೋದ ವಾರವೇ ಅವನಿಗೆ ಶಾಲೆಯಲ್ಲಿ ಒಂದು ಬರವಣಿಗೆ ಕೊಟ್ಟಿದ್ದರು. ‘ನಿನಗೆ ಇಷ್ಟವಾದ ನಾಯಕ ಯಾರು, ಅವನಿಂದ ನೀನು ಏನಾಗಲು ಬಯಸುತ್ತೀಯ’ ಎಂಬುದು ವಿಷಯ. ನಾಯಕ ಯಾರೆಂದು ಅವನಿಗೆ ಗೊತ್ತು, ಸ್ಪೈಡರ್‌ಮ್ಯಾನ್. ಎರಡನೆಯ ಪ್ರಶ್ನೆಗೇ ಪೆನ್ಸಿಲ್ ನಿಂತುಬಿಟ್ಟಿತ್ತು. ಪಕ್ಕದ ಮನೆಯ ಹುಡುಗಿ ಪಿಯಾನೋ ನುಡಿಸುತ್ತಾಳೆ, ಇನ್ನೊಬ್ಬ ಫುಟ್‌ಬಾಲ್ ಆಡುತ್ತಾನೆ, ತನಗೆ ಏನೂ ಬರುವುದಿಲ್ಲ ಎಂದು ರಾತ್ರಿ ಊಟದ ಹೊತ್ತಿಗೆ ಅಳುಮುಖ ಮಾಡಿದ.

“ತಾತ, ಬ್ಯಾಂಕಲ್ಲೇ ಕೆಲಸ ಮಾಡ್ಬೇಕು ಅಂತ ನಿಮಗೆ ಯಾವಾಗ ಗೊತ್ತಾಯ್ತು?” ಎಂದು ಕೇಳಿದ.

“ಗೊತ್ತಾಗೋದೇನು ಮಗು? ಬಿ.ಕಾಂ. ಮಾಡಿದೆ, ಪರೀಕ್ಷೆ ಬರೆದೆ, ಆರ್ಡರ್ ಬಂತು, ಸೇರಿಕೊಂಡೆ,” ಎಂದೆ.

ಅವನ ಮುಖ ಇನ್ನಷ್ಟು ಸಣ್ಣದಾಯಿತು. ನನಗೂ ಮನಸ್ಸಿಗೆ ಹಿಡಿಸಲಿಲ್ಲ. ಮೂವತ್ತಾರು ವರ್ಷ ಮಾಡಿದ ಕೆಲಸವನ್ನು ನಾಲ್ಕು ಮಾತಿನಲ್ಲಿ ಮುಗಿಸಿಬಿಟ್ಟಿದ್ದೆ.

ಆ ಶನಿವಾರ ಮಗ ನಮ್ಮೆಲ್ಲರನ್ನೂ ಕಾರಿನಲ್ಲಿ ಹತ್ತಿಸಿಕೊಂಡು ಗ್ಲೆನ್‌ವಿಲ್ ಎಂಬ ಬಡಾವಣೆಗೆ ಹೊರಟ. ಕ್ಲೀವ್‌ಲ್ಯಾಂಡ್ ಈರಿ ಸರೋವರದ ದಂಡೆಯ ಊರು. ಸರೋವರ ಎಂದರೆ ನಮ್ಮ ಕುಕ್ಕರಹಳ್ಳಿ ಕೆರೆಯಂತಲ್ಲ. ಆಚೆ ದಡವೇ ಕಾಣದು, ಸಮುದ್ರವೆಂದೇ ತಿಳಿಯಬೇಕು. ಗ್ಲೆನ್‌ವಿಲ್ ಊರಿನ ಪೂರ್ವಕ್ಕಿದೆ. 1930ರ ಸುಮಾರಿಗೆ ಅಲ್ಲಿ ಯಹೂದಿ ಕುಟುಂಬಗಳು ಹೆಚ್ಚಾಗಿದ್ದವು. ಈಗ ಹೆಚ್ಚಿನವರು ಕಪ್ಪು ಜನ. ಮರದ ಹಳೆಯ ಮನೆಗಳು, ನಡುನಡುವೆ ಮನೆ ಕೆಡವಿದ ಖಾಲಿ ಸೈಟುಗಳು. ಒಬ್ಬ ಅಜ್ಜ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ನಮ್ಮನ್ನು ಕಂಡು ಕೈಬೀಸಿದರು. ನಾನೂ ಬೀಸಿದೆ.

ಕಿಂಬರ್ಲಿ ಬೀದಿಯಲ್ಲಿ ಕಾರು ನಿಂತಿತು. ಬೇಲಿಯ ಮೇಲೆ ಸೂಪರ್‌ಮ್ಯಾನನ ಎದೆಯ ಮೇಲಿರುತ್ತದಲ್ಲ, ಅದೇ ‘ಎಸ್’ ಗುರುತಿನ ಫಲಕ. ಅದರ ಹಿಂದೆ ಒಂದು ಸಾಧಾರಣ ಮನೆ. ಜೆರ್ರಿ ಸೀಗಲ್ ಎಂಬ ಹುಡುಗ ಬೆಳೆದ ಮನೆ ಇದು. ಈಗಲೂ ಸಂಸಾರ ವಾಸವಿರುವ ಮನೆಯಾದ್ದರಿಂದ ಹೊರಗಿನಿಂದಲೇ ನೋಡಿ ಬರಬೇಕು. ಮನೆ ಹಳತಾಗಿ ಶಿಥಿಲವಾಗಿದ್ದಾಗ, 2008ರಲ್ಲಿ ಸೂಪರ್‌ಮ್ಯಾನ್ ಅಭಿಮಾನಿಗಳು ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿ ದುರಸ್ತಿ ಮಾಡಿಸಿದರಂತೆ.

ಜೆರ್ರಿ ಹುಟ್ಟಿದ್ದು 1914ರಲ್ಲಿ. ತಂದೆ ಬಟ್ಟೆ ಅಂಗಡಿ ಇಟ್ಟಿದ್ದರು. 1932ರ ಒಂದು ರಾತ್ರಿ ಅಂಗಡಿಯಲ್ಲಿ ಕಳ್ಳತನವಾದಾಗ ಹೃದಯಾಘಾತದಿಂದ ತೀರಿಕೊಂಡರು. ಜೆರ್ರಿಗೆ ಆಗ ಹದಿನೇಳು ವರ್ಷ. ಗುಂಡು ತಗುಲಿದರೂ ಏನೂ ಆಗದ, ಕಳ್ಳರನ್ನು ಹಿಡಿದು ಕೊಡುವ ವೀರ ಅವನ ತಲೆಯಲ್ಲಿ ಮೂಡಿದ್ದು ಅದರ ನಂತರದ ವರ್ಷಗಳಲ್ಲಿ.

ಜೆರ್ರಿಗೆ ಬರೆಯಲು ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಚಿತ್ರ ಬರುತ್ತಿದ್ದವನು ಅವನ ಹೈಸ್ಕೂಲ್ ಗೆಳೆಯ ಜೋ ಶುಸ್ಟರ್. ಅವನೂ 1914ರಲ್ಲೇ ಹುಟ್ಟಿದವನು, ಕೆನಡಾದ ಟೊರೊಂಟೊದಲ್ಲಿ. ಇಬ್ಬರೂ ನಾಚಿಕೆಯ ಸ್ವಭಾವದವರು, ಇಬ್ಬರಿಗೂ ಕನ್ನಡಕ. ಒಂದು ರಾತ್ರಿ ಜೆರ್ರಿಗೆ ನಿದ್ದೆ ಬಾರದೆ ಕಥೆ ಹೊಳೆಯುತ್ತಲೇ ಹೋಯಿತಂತೆ. ಬೆಳಗಾದದ್ದೇ ತಡ, ಸುಮಾರು ಹತ್ತು ಬೀದಿ ಆಚೆಗಿದ್ದ ಜೋ ಮನೆಗೆ ಓಡಿದನಂತೆ.

ಆ ಹತ್ತು ಬೀದಿ ನಾನೂ ಓಡುತ್ತೇನೆ ಎಂದ ಮೊಮ್ಮಗ. ನನ್ನ ಮಂಡಿಯ ನೆಪ ಹೇಳಿ ಅವನನ್ನೂ ಕಾರಿನಲ್ಲೇ ಕೂರಿಸಿದೆ.

ಜೋ ಇದ್ದ ಕಟ್ಟಡ ಈಗಿಲ್ಲ. ಆ ಜಾಗದ ಬೇಲಿಗೆ ಸೂಪರ್‌ಮ್ಯಾನನ ಮೊದಲ ಕಥೆಯ ಪುಟಗಳನ್ನು ದೊಡ್ಡದು ಮಾಡಿ ಉದ್ದಕ್ಕೂ ಹಾಕಿದ್ದಾರೆ. ನಡೆಯುತ್ತಾ ನಡೆಯುತ್ತಾ ಕಥೆ ಓದಬಹುದು. ಜೋ ಮನೆಯಲ್ಲಿ ಬಡತನ. ಚಿತ್ರ ಬಿಡಿಸುವ ಹಲಗೆ ಕೊಳ್ಳಲು ದುಡ್ಡಿಲ್ಲದೆ ಅಮ್ಮ ಹಿಟ್ಟು ನಾದುವ ಹಲಗೆಯನ್ನೇ ಬಳಸುತ್ತಿದ್ದ. ಅಮ್ಮ ಹಬ್ಬದ ಬ್ರೆಡ್ಡಿಗೆ ಹಿಟ್ಟು ನಾದುವ ದಿನ ಹಲಗೆ ವಾಪಸು ಕೊಡಬೇಕು. ಚಳಿಗಾಲದಲ್ಲಿ ಮನೆ ಬೆಚ್ಚಗಿರದೆ ಕೈಗವಸು ಹಾಕಿಕೊಂಡು ಬರೆಯುತ್ತಿದ್ದನಂತೆ. ಇದನ್ನು ಕೇಳಿ ನನ್ನಾಕೆ, “ಪಾಪ, ಆ ತಾಯಿಗೆ ಎಷ್ಟು ಸಲ ಹಲಗೆಯ ಮೇಲಿನ ಶಾಯಿ ತೊಳೆಯೋ ಕೆಲಸವೋ!” ಎಂದಳು.

ಇಬ್ಬರೂ ಕಥೆಯನ್ನು ವರ್ಷಗಟ್ಟಲೆ ಪತ್ರಿಕೆಯವರಿಗೆ ಕಳಿಸಿದರು. ಎಲ್ಲ ಕಡೆಯಿಂದಲೂ ವಾಪಸು ಬಂತು. ಕೊನೆಗೆ ‘ಆ್ಯಕ್ಷನ್ ಕಾಮಿಕ್ಸ್’ ಎಂಬ ಹೊಸ ಪುಸ್ತಕದವರು ಕೊಂಡರು. 1938ರ ಜೂನ್ ಸಂಚಿಕೆ, ಬೆಲೆ ಹತ್ತು ಸೆಂಟ್. ಹದಿಮೂರು ಪುಟಕ್ಕೆ, ಪುಟಕ್ಕೆ ಹತ್ತು ಡಾಲರಿನಂತೆ ಕೊಟ್ಟದ್ದು 130 ಡಾಲರ್. ಅದಕ್ಕೆ ಬದಲಾಗಿ ಸೂಪರ್‌ಮ್ಯಾನನ ಹಕ್ಕೆಲ್ಲ ಕಂಪನಿಗೆ ಹೋಯಿತು.

“ಅಪ್ಪ, ನಿಮಗೆ ಇಷ್ಟ ಆಗೋದು ಇದು, ನೋಡಿ,” ಎಂದು ಮಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಆ ಹಣ ಕೊಟ್ಟ ಚೆಕ್! ಬೇರೆ ಕಥೆಗಳ ಬಾಕಿಯೂ ಸೇರಿ ಒಟ್ಟು 412 ಡಾಲರ್. ಆ ಕಾಗದದ ಚೂರು 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತಂತೆ. ಅದಕ್ಕಿಂತ ಸ್ವಾರಸ್ಯವಾದದ್ದು ಇನ್ನೊಂದಿತ್ತು. ಚೆಕ್ ಬರೆದವರು ಇಬ್ಬರ ಹೆಸರನ್ನೂ ತಪ್ಪಾಗಿ ಬರೆದಿದ್ದರು. ಅದಕ್ಕೇ ಹಿಂಭಾಗದಲ್ಲಿ ಒಬ್ಬೊಬ್ಬರೂ ಎರಡೆರಡು ಸಹಿ ಹಾಕಿದ್ದಾರೆ. ಮೊದಲು ಚೆಕ್ಕಿನಲ್ಲಿದ್ದಂತೆ ತಪ್ಪು ಹೆಸರು, ಅದರ ಜೊತೆಗೆ ಸರಿಯಾದ ಹೆಸರು.

ನನಗೆ ಮಾತು ಹೊರಡಲಿಲ್ಲ. ಬೇಲಿ ಹಿಡಿದು ನಿಂತೆ.

“ಏನಾಯ್ತು ತಾತ?” ಎಂದ ಮೊಮ್ಮಗ. ನಲವತ್ತಾರು ವರ್ಷ ಯಾರಿಗೂ ಹೇಳದಿದ್ದದ್ದನ್ನು ಆ ಬೀದಿಯಲ್ಲಿ ನಿಂತು ಹೇಳಿದೆ.

1979ನೇ ಇಸವಿ. ಮಂಡ್ಯ ಜಿಲ್ಲೆಯ ಒಂದು ಹೋಬಳಿಯ ಶಾಖೆಯಲ್ಲಿ ನಾನು ಗುಮಾಸ್ತ. ಒಂದು ಮಧ್ಯಾಹ್ನ ಕೌಂಟರ್ ಮುಚ್ಚುವ ಹೊತ್ತಿಗೆ ಒಬ್ಬ ರೈತರು ಕಬ್ಬಿನ ಹಣದ ಚೆಕ್ ತಂದರು. ನಮ್ಮಲ್ಲೇ ಖಾತೆ ಇದ್ದವರು, ನನಗೆ ಮುಖಪರಿಚಯವಿತ್ತು. ಪಾಸ್‌ಬುಕ್ಕಿನ ಹೆಸರಿಗೂ ಚೆಕ್ಕಿನ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ. ಮಾಡಬೇಕಾದದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂಬದಿ ಎರಡು ಸಹಿ ಹಾಕಿಸಿ, ಮ್ಯಾನೇಜರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಐದು ನಿಮಿಷದ ಕೆಲಸ. ಆದರೆ ನನಗೆ ಬಸ್ಸು ತಪ್ಪುತ್ತಿತ್ತು. “ಹೆಸರು ಸರಿಯಿಲ್ಲ, ಬರೆಸಿಕೊಂಡು ಬನ್ನಿ,” ಎಂದು ಚೆಕ್ ಹಿಂದಕ್ಕೆ ತಳ್ಳಿದೆ. ಮಗನ ಕಾಲೇಜಿನ ಫೀಜು ಕಟ್ಟಬೇಕು ಎಂದು ಅವರು ಏನೋ ಹೇಳುತ್ತಿದ್ದರು. ನಾನು ಲೆಡ್ಜರ್ ಮುಚ್ಚಿದೆ.

ಅವರು ಹೊಸ ಚೆಕ್ ತಂದದ್ದು ಮೂರು ವಾರದ ಮೇಲೆ. “ಮಗ ಕಾಲೇಜಿಗೆ ಸೇರಿದನಾ?” ಎಂದು ಕೇಳಿದೆ. “ಕಟ್ಟೋ ದಿನ ಮುಗುದೋಯ್ತು ಸ್ವಾಮಿ. ಪರವಾಗಿಲ್ಲ ಬುಡಿ, ಹೈದ ಈಗ ನನ್ ಜೊತೆ ಗದ್ದೆಗೆ ಬತ್ತಾವ್ನೆ,” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ತಾತ, ಇದು ಸ್ಪೈಡರ್‌ಮ್ಯಾನ್ ಕಥೆನೇ,” ಎಂದ.

ನನಗೆ ಗೊತ್ತಿರಲಿಲ್ಲ, ಅವನೇ ಹೇಳಿದ. 1962ರಲ್ಲಿ ಬಂದ ಮೊದಲ ಕಥೆ ಅದು. ಪೀಟರ್ ಪಾರ್ಕರ್ ಎಂಬ ಹುಡುಗನಿಗೆ ಜೇಡ ಕಚ್ಚಿ ಶಕ್ತಿ ಬರುತ್ತದೆ. ಆ ಶಕ್ತಿ ತೋರಿಸಿ ದುಡ್ಡು ಮಾಡಿಕೊಳ್ಳಲು ಹೊರಡುತ್ತಾನೆ. ಒಂದು ದಿನ ಕಳ್ಳನೊಬ್ಬ ಪಕ್ಕದಲ್ಲೇ ಓಡಿಹೋದರೂ ‘ನನಗೇನು’ ಎಂದು ಹಿಡಿಯುವುದಿಲ್ಲ. ಅದೇ ಕಳ್ಳ ಮುಂದೆ ಅವನನ್ನು ಸಾಕಿದ ದೊಡ್ಡಪ್ಪನನ್ನು ಕೊಲ್ಲುತ್ತಾನೆ. “ಜೇಡ ಕಚ್ಚಿದಾಗ ಅವ್ನು ಹೀರೋ ಆಗಿಲ್ಲ ತಾತ. ಅದಾದ್ಮೇಲೆ ಆಗಿದ್ದು. ನೀವು ಆಮೇಲೆ ಏನ್ ಮಾಡಿದ್ರಿ?”

ಏನು ಮಾಡಿದೆ? ಕೌಂಟರಿನ ಪಕ್ಕ ಒಂದು ಬೆಂಚು ಹಾಕಿಸಿದೆ. ದಾರ ಕಟ್ಟಿದ ಪೆನ್ನು ಇಟ್ಟೆ. ಓದು ಬಾರದವರಿಗೆ ಚಲನ್ ತುಂಬಿಕೊಟ್ಟೆ, ಪಾಸ್‌ಬುಕ್ಕಿನಲ್ಲಿ ಎಷ್ಟಿದೆಯೆಂದು ಓದಿ ಹೇಳಿದೆ. ಯಾರ ಚೆಕ್ಕನ್ನೂ ‘ಸರಿಯಿಲ್ಲ’ ಎಂದು ಕಳಿಸಲಿಲ್ಲ. ಏನು ಸರಿಯಿಲ್ಲ, ಏನು ಮಾಡಬೇಕು ಎಂದು ಚೀಟಿ ಬರೆದುಕೊಟ್ಟೆ. ಬಸ್ಸು ಎಷ್ಟೋ ಸಲ ತಪ್ಪಿತು. 2010ರಲ್ಲಿ ನಿವೃತ್ತನಾಗುವವರೆಗೆ ಹಾಗೇ ನಡೆಯಿತು. ಬಡ್ತಿ ಪರೀಕ್ಷೆ ಕಟ್ಟದೆ ಕೌಂಟರಿನಲ್ಲೇ ಉಳಿದದ್ದಕ್ಕೆ ನನ್ನಾಕೆ ಬೇಸರಪಟ್ಟುಕೊಂಡದ್ದುಂಟು. ಈಗ, “ಇಷ್ಟು ವರ್ಷ ನನಗೂ ಹೇಳಲಿಲ್ವಲ್ರೀ,” ಎಂದಷ್ಟೇ ಅಂದಳು.

ವಾಪಸು ಬರುವಾಗ ಮಗ ಉಳಿದ ಕಥೆ ಹೇಳಿದ. ಸೂಪರ್‌ಮ್ಯಾನನಿಂದ ಕಂಪನಿಗೆ ಹಣದ ಹೊಳೆ ಹರಿಯಿತು. ಜೆರ್ರಿ, ಜೋ ಕೋರ್ಟಿಗೆ ಹೋದರು, ಹಕ್ಕು ಸಿಗಲಿಲ್ಲ, ಕೆಲಸವೂ ಹೋಯಿತು. ಜೋ ಕಣ್ಣು ಮಂಜಾಗಿ ಚಿತ್ರ ಬಿಡಿಸಲಾರದಂತಾದ. ಜೆರ್ರಿ ವಯಸ್ಸಾದ ಮೇಲೆ ಲಾಸ್ ಏಂಜಲಿಸ್‌ನಲ್ಲಿ ಟೈಪಿಸ್ಟ್ ಗುಮಾಸ್ತನಾಗಿದ್ದ. ಬೇರೆ ಚಿತ್ರಕಾರರು ಅವರ ಪರವಾಗಿ ದನಿಯೆತ್ತಿದ ಮೇಲೆ, 1975ರ ಕೊನೆಯಲ್ಲಿ ಕಂಪನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಕೊಡಲು ಒಪ್ಪಿತು. ಸೂಪರ್‌ಮ್ಯಾನ್ ಕಥೆಗಳ ಮೇಲೆ ಅವರ ಹೆಸರನ್ನು ಮತ್ತೆ ಹಾಕಿತು.

“ಸೂಪರ್‌ಮ್ಯಾನ್ ಬರೆದವ್ರೂ ಕ್ಲರ್ಕಾ?” ಎಂದು ಮೊಮ್ಮಗ ನನ್ನ ಕಡೆ ನೋಡಿದ. ಆ ನೋಟದಲ್ಲಿ ನನ್ನ ಕೆಲಸಕ್ಕೆ ಸ್ವಲ್ಪ ಬಡ್ತಿ ಸಿಕ್ಕಿದಂತಿತ್ತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದ: “ಆ ಹುಡುಗ ಆಮೇಲೆ ಕಾಲೇಜಿಗೆ ಹೋದ್ನಾ?”

“ಗೊತ್ತಿಲ್ಲ ಮಗು.”

“ಕೇಳಲಿಲ್ವಾ?”

“ಇಲ್ಲ. ಧೈರ್ಯ ಬರಲಿಲ್ಲ. ಅಷ್ಟರಲ್ಲಿ ವರ್ಗವಾಯಿತು.”

ರಾತ್ರಿ ಅವನು ಬರವಣಿಗೆ ಮುಗಿಸಿದ. ದೊಡ್ಡವನಾದ ಮೇಲೆ ಏನಾಗುತ್ತೇನೆಂದು ಇನ್ನೂ ಗೊತ್ತಿಲ್ಲ, ಪಕ್ಕದಲ್ಲಿ ಯಾರಾದರೂ ಕಷ್ಟದಲ್ಲಿದ್ದರೆ ನೋಡುತ್ತಿರುತ್ತೇನೆ, ಆಗ ಗೊತ್ತಾಗಬಹುದು ಎಂದು ಬರೆದಿದ್ದ. ಅಜ್ಜ ಅಜ್ಜಿಯರೇ, ‘ದೊಡ್ಡವನಾದ ಮೇಲೆ ಏನಾಗ್ತೀಯಾ’ ಎಂದು ಮಕ್ಕಳನ್ನು ಕೇಳುವುದು ನಮಗೆಲ್ಲ ಅಭ್ಯಾಸ. ಉತ್ತರ ಬಾರದಿದ್ದರೆ ಅವರನ್ನು ಅವಸರಪಡಿಸುವುದು ಬೇಡ. ನನಗೆ ಉತ್ತರ ಸಿಕ್ಕಿದ್ದು ಕೆಲಸಕ್ಕೆ ಸೇರಿ ಐದು ವರ್ಷದ ಮೇಲೆ, ಅದೂ ಒಂದು ತಪ್ಪಿನಿಂದ.

ಊರಿಗೆ ಬಂದು ನಾಲ್ಕು ತಿಂಗಳಾಯಿತು. ಪ್ರತಿ ಭಾನುವಾರ ವಿಡಿಯೊ ಕಾಲಿನಲ್ಲಿ ಮೊಮ್ಮಗನದು ಒಂದೇ ಪ್ರಶ್ನೆ: “ಆ ಹಳ್ಳಿಗೆ ಹೋದ್ರಾ ತಾತ?” “ಮುಂದಿನ ವಾರ,” ಎನ್ನುತ್ತಾ ಬಂದಿದ್ದೇನೆ. ಮೈಸೂರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆ, ಅಷ್ಟೇ. ಆ ಹುಡುಗನಿಗೆ ಈಗ ಅರವತ್ತರ ಮೇಲಾಗಿರಬೇಕು.

ಇದನ್ನು ಬರೆದು ಪತ್ರಿಕೆಗೆ ಕಳಿಸುತ್ತಿರುವುದಕ್ಕೆ ಅದೂ ಒಂದು ಕಾರಣ. ಇಷ್ಟು ಜನ ಓದಿದ ಮೇಲೆ ‘ಮುಂದಿನ ವಾರ’ ಎನ್ನಲು ಬಾಯಿ ಬರುವುದಿಲ್ಲ.