ಕಥೆ ಕಾಯ್ದ ಕಲ್ಲು

ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೆಯ ಮಾತೊಂದಿದೆ: ‘ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ.’ ಗೋಕರ್ಣಕ್ಕೆ ಹೋಗಲು ದುಡ್ಡಿದ್ದರೆ ಸಾಕು, ಯಾಣಕ್ಕೆ ಹೋಗಲು ಮೈಯಲ್ಲಿ ಕಸುವು, ಎದೆಯಲ್ಲಿ ಧೈರ್ಯ ಎರಡೂ ಬೇಕು ಎಂದು ಅದರ ಅರ್ಥ. ರಸ್ತೆ ಇಲ್ಲದ ಕಾಲದಲ್ಲಿ ದಟ್ಟ ಕಾಡು ಹಾದು, ಹಳ್ಳ ದಾಟಿ, ಘಟ್ಟ ಹತ್ತಿಳಿದು ಹೋಗಬೇಕಿತ್ತಂತೆ. ಈಗ ಹಾಗೇನಿಲ್ಲ. ಯಾಣ ಶಿರಸಿಯಿಂದ ಸುಮಾರು 40 ಕಿಲೋಮೀಟರ್ ದೂರ, ಕುಮಟಾದಿಂದ ಇನ್ನೂ ಹತ್ತಿರ. ಬಂಡೆಗಳ ಹತ್ತಿರದವರೆಗೂ ವಾಹನ ಹೋಗುತ್ತದೆ. ಅಲ್ಲಿಂದ ಮುಂದೆ ಸ್ವಲ್ಪ ಕಾಡುದಾರಿ, ಒಂದಷ್ಟು ಮೆಟ್ಟಿಲು. ಸೊಕ್ಕೂ ಬೇಡ, ರೊಕ್ಕವೂ ಬೇಡ. ಗಟ್ಟಿ ಚಪ್ಪಲಿ, ಒಂದು ಊರುಗೋಲು ಇದ್ದರೆ ನನ್ನಂಥ ಎಪ್ಪತ್ತು ದಾಟಿದವರೂ ಹೋಗಿಬರಬಹುದು.

ಕಳೆದ ದಸರಾ ರಜೆಯಲ್ಲಿ ನಾವು ಮೂವರು ಹೋದೆವು: ನಾನು, ನನ್ನ ಹೆಂಡತಿ ಮತ್ತು ಏಳನೇ ತರಗತಿ ಓದುವ ಮೊಮ್ಮಗ. ಶಿರಸಿ ಸಮೀಪದ ನೆಂಟರ ಮನೆಯಲ್ಲಿ ಉಳಿದಿದ್ದೆವು. ಹೊರಡುವ ಹೊತ್ತಿಗೆ ಅಜ್ಜಿ, ಮೊಮ್ಮಗ ಪರಸ್ಪರ ಮಾತು ಬಿಟ್ಟು ಎರಡು ದಿನವಾಗಿತ್ತು.

ಜಗಳ ಶುರುವಾದದ್ದು ಯಾಣದಿಂದಲೇ. ನಮ್ಮ ಮೊಮ್ಮಗ ರಜೆಗೆ ಹುಬ್ಬಳ್ಳಿಗೆ ಬಂದರೆ ರಾತ್ರಿ ಅಜ್ಜಿಯ ಪಕ್ಕದಲ್ಲಿ ಮಲಗಿ ಕಥೆ ಕೇಳುವುದು ಅವನಿಗೆ ಮೂರು ವರ್ಷವಿದ್ದಾಗಿನಿಂದ ನಡೆದುಬಂದ ಪದ್ಧತಿ. ಯಾಣಕ್ಕೆ ಹೋಗುವುದೆಂದು ಗೊತ್ತಾದ ರಾತ್ರಿ ಅವಳು ಭಸ್ಮಾಸುರನ ಕಥೆ ಹೇಳಿದಳು. ತಪಸ್ಸು ಮಾಡಿದ ಅಸುರನಿಗೆ ಶಿವ ಒಂದು ವರ ಕೊಡುತ್ತಾನೆ: ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಸುಟ್ಟು ಬೂದಿಯಾಗಬೇಕು. ವರ ಸಿಕ್ಕಿದ ಕೂಡಲೇ ಅಸುರ ಅದನ್ನು ಶಿವನ ಮೇಲೆಯೇ ಪರೀಕ್ಷಿಸಲು ಹೊರಡುತ್ತಾನೆ. ಶಿವ ಓಡುತ್ತಾನೆ. ಆಗ ವಿಷ್ಣು ಮೋಹಿನಿಯ ರೂಪದಲ್ಲಿ ಬಂದು ಅಸುರನನ್ನು ಕುಣಿತಕ್ಕೆ ಕರೆಯುತ್ತಾನೆ. ಮೋಹಿನಿ ಹೇಗೆ ಕುಣಿದರೆ ಅಸುರನೂ ಹಾಗೆಯೇ ಕುಣಿಯಬೇಕು. ಕುಣಿಯುತ್ತಾ ಮೋಹಿನಿ ತನ್ನ ತಲೆಯ ಮೇಲೆ ಕೈಯಿಡುತ್ತಾಳೆ. ಮೈಮರೆತ ಅಸುರನೂ ತನ್ನ ತಲೆಯ ಮೇಲೆ ಕೈಯಿಟ್ಟು ಬೂದಿಯಾಗುತ್ತಾನೆ. ಆ ಬೆಂಕಿಗೆ ಯಾಣದ ಬಂಡೆಗಳು ಕಪ್ಪಾದವು, ಅಲ್ಲಿನ ಕರಿಮಣ್ಣು ಅವನ ಬೂದಿ ಎಂದು ಜನ ಹೇಳುತ್ತಾರೆ.

“ಸುಳ್ಳು,” ಎಂದ ಮೊಮ್ಮಗ. “ಅದು ಸುಣ್ಣದ ಕಲ್ಲು. ನೀರಿನಿಂದ ಆದದ್ದು. ಬೆಂಕಿಯಿಂದ ಅಲ್ಲ. ನೀನು ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳೇ.”

ಅವಳು ಬಯ್ಯಲಿಲ್ಲ. “ಹಾಗಾದರೆ ಇನ್ನು ಕಥೆ ಬೇಡ ಬಿಡು,” ಎಂದು ದೀಪ ಆರಿಸಿದಳು. ಮರುದಿನ ರಾತ್ರಿ ಅವನು ನನ್ನ ಪಕ್ಕದಲ್ಲಿ ಬಂದು ಮಲಗಿದ. ಇಬ್ಬರಿಗೂ ನಿದ್ದೆ ಬರಲಿಲ್ಲವೆಂದು ನನಗೆ ಗೊತ್ತು, ಏಕೆಂದರೆ ನನಗೂ ಬರಲಿಲ್ಲ.

ಯಾಣದಲ್ಲಿ ನಮಗೆ ದಾರಿ ತೋರಿಸಿದವನು ಅಲ್ಲೇ ಹತ್ತಿರದ ಹಳ್ಳಿಯ ತರುಣ. ಅಡಿಕೆ ಕೊಯ್ಲಿನ ಕಾಲದಲ್ಲಿ ಮರ ಹತ್ತುತ್ತಾನೆ, ಉಳಿದ ದಿನ ಬಂದವರಿಗೆ ಕಾಡು ತೋರಿಸುತ್ತಾನೆ. ಬೆಳಗ್ಗೆ ಏಳೂವರೆಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮರಳುವ ಲೆಕ್ಕ. ಮೆಟ್ಟಿಲಿನ ದಾರಿ ಬಿಟ್ಟು, ಸ್ವಲ್ಪ ಬಳಸಿ, ಕಾಡಿನೊಳಗಿನ ಕಾಲುದಾರಿಯಲ್ಲಿ ಕರೆದುಕೊಂಡು ಹೋದ. ಮಳೆ ನಿಂತು ಹೆಚ್ಚು ದಿನವಾಗಿರಲಿಲ್ಲ. ಎಲೆಗಳ ಕೆಳಗೆಲ್ಲ ಉಂಬಳ, ಅಂದರೆ ನೆಲದ ಜಿಗಣೆ. ತರುಣನ ಕೋಲಿನ ತುದಿಗೆ ಬಟ್ಟೆಯ ಪುಟ್ಟ ಗಂಟೊಂದಿತ್ತು. ಅದರಲ್ಲಿ ತಂಬಾಕು ಮತ್ತು ಸುಣ್ಣ. ಗಂಟನ್ನು ನೀರಲ್ಲಿ ಅದ್ದಿ ಉಂಬಳಕ್ಕೆ ಮುಟ್ಟಿಸಿದರೆ ಅದು ಕಚ್ಚಿದ ಕಾಲನ್ನು ಬಿಟ್ಟು ಉದುರಿಬಿಡುತ್ತಿತ್ತು. ಮೊಮ್ಮಗನಿಗೆ ಆ ಕೋಲು ಬಹಳ ಇಷ್ಟವಾಯಿತು. ಅದನ್ನು ಹಿಡಿದು ಮುಂದೆ ನಡೆದ. ಅಜ್ಜಿಯ ಕಾಲಿಗೆ ಉಂಬಳ ಹತ್ತಿದಾಗ ಮಾತಾಡದೆ ಬಂದು, ಬಗ್ಗಿ, ಗಂಟು ಮುಟ್ಟಿಸಿ, ಮಾತಾಡದೆ ಹೋದ.

ಮರಗಳು ಎಷ್ಟು ಒತ್ತೊತ್ತಾಗಿವೆ ಎಂದರೆ ಬಂಡೆ ದೂರದಿಂದ ಕಾಣುವುದೇ ಇಲ್ಲ. ಒಂದು ತಿರುವಿನಲ್ಲಿ ಥಟ್ಟನೆ ಎದುರಿಗೆ ನಿಲ್ಲುತ್ತದೆ. ಮೊದಲು ಕಂಡದ್ದು ಮೋಹಿನಿ ಶಿಖರ, 90 ಮೀಟರ್ ಎತ್ತರ. ಅದಕ್ಕಿಂತ ದೊಡ್ಡದು ಭೈರವೇಶ್ವರ ಶಿಖರ, 120 ಮೀಟರ್. ನಲವತ್ತು ಅಂತಸ್ತಿನ ಕಟ್ಟಡವೊಂದನ್ನು ಕಾಡಿನ ನಡುವೆ ತಂದಿಟ್ಟು, ಅದರ ಮೈಯನ್ನೆಲ್ಲ ಉಳಿಯಿಂದ ಉದ್ದುದ್ದ ಗೀರಿದರೆ ಹೇಗಿರುತ್ತದೋ ಹಾಗೆ. ಬಣ್ಣ ಮಸಿಯಂತೆ ಕಪ್ಪು. ಮೇಲ್ತುದಿ ಗರಗಸದ ಹಲ್ಲಿನಂತೆ ಚೂಪು. ಸುತ್ತಲಿನ ಕಾಡಿನಲ್ಲಿ ಇಂಥವೇ ಸಣ್ಣ ಬಂಡೆಗಳು ಹತ್ತಾರು. ಎತ್ತರದಲ್ಲಿ ಹೆಜ್ಜೇನಿನ ಹುಟ್ಟುಗಳು ತೊಟ್ಟಿಲಿನಂತೆ ತೂಗುತ್ತಿದ್ದವು. “ಇಲ್ಲಿ ಕೂಗಬೇಡಿ, ಹೊಗೆ ಮಾಡಬೇಡಿ,” ಎಂದ ತರುಣ. ನಾವು ಪಿಸುಮಾತಿಗೆ ಇಳಿದೆವು.

ಭೈರವೇಶ್ವರ ಶಿಖರದ ಬುಡದಲ್ಲಿ ಗುಹಾಲಯ. ಒಳಗೆ ತಾನಾಗಿ ಮೂಡಿದ್ದೆಂದು ನಂಬುವ ಶಿವಲಿಂಗ. ಅದರ ಮೇಲೆ ಬಂಡೆಯಿಂದ ನೀರು ಹನಿಯುತ್ತಲೇ ಇರುತ್ತದೆ. ಮಹಾಶಿವರಾತ್ರಿಗೆ ಇಲ್ಲಿ ಜಾತ್ರೆ. ಚಪ್ಪಲಿ ಬಿಟ್ಟು, ಬಂಡೆಯ ಸೀಳಿನೊಳಗೆ ನುಗ್ಗಿ, ಶಿಖರಕ್ಕೆ ಒಂದು ಸುತ್ತು ಬರಬಹುದು. ಕಾಲಡಿ ತಣ್ಣನೆಯ ಕಲ್ಲು, ಎರಡೂ ಬದಿ ಕತ್ತಲ ಗೋಡೆ, ತಲೆಯ ಮೇಲೆ ಬಹಳ ಎತ್ತರದಲ್ಲಿ ಆಕಾಶದ ಒಂದು ಚೂರು. ಬಾವಲಿಗಳ ವಾಸನೆ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು.

ಆ ಸೀಳಿನೊಳಗೆ ನಿಂತು ಮೊಮ್ಮಗ ತನಗೆ ಗೊತ್ತಿದ್ದದ್ದನ್ನು ಒಪ್ಪಿಸಿದ. “ಇದಕ್ಕೆ ಕಾರ್ಸ್ಟ್ ಅಂತಾರೆ. ಮಳೆನೀರು ಸುಣ್ಣದ ಕಲ್ಲನ್ನು ಕರಗಿಸುತ್ತದೆ.”

“ಸರಿ. ಹೇಗೆ ಕರಗಿಸುತ್ತದೆ?” ಎಂದು ಕೇಳಿದ ತರುಣ.

“ಆಸಿಡ್.”

“ಮಳೆ ಹುಳಿ ಇರುತ್ತದೆಯೇ? ನೀನು ಕುಡಿದು ನೋಡಿದ್ದೀಯಾ?”

ಹುಡುಗ ಸುಮ್ಮನಾದ. ಅಷ್ಟು ಹೊತ್ತು ಗೋಡೆಗೆ ಕೈಯಾನಿಸಿ ನಿಂತಿದ್ದ ನನ್ನ ಹೆಂಡತಿ ಆಗ ಬಾಯಿ ಬಿಟ್ಟಳು. ಮಾತು ತರುಣನಿಗೆ, ಆದರೆ ಕೇಳಬೇಕಾದವನು ಕೇಳಲಿ ಎಂಬ ಧಾಟಿ. “ನಮ್ಮ ಅಡುಗೆಮನೆಗೆ ಶಹಾಬಾದ್ ಕಲ್ಲು ಹಾಸಿದೆ. ಅದರ ಮೇಲೆ ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟರೆ ಅಷ್ಟು ಜಾಗ ಹೊಳಪು ಕಳೆದುಕೊಂಡು ಬೆಳ್ಳಗಾಗುತ್ತದೆ. ಎಷ್ಟು ತಿಕ್ಕಿದರೂ ಹೋಗದು. ಹುಳಿ ಕಲ್ಲನ್ನು ತಿನ್ನುತ್ತದೆ. ನಲವತ್ತು ವರ್ಷದಿಂದ ನೋಡಿದ್ದೇನೆ.”

ತರುಣನ ಮುಖ ಅರಳಿತು. “ಅಮ್ಮಾ, ಶಹಾಬಾದ್ ಕಲ್ಲು ಕೂಡ ಸುಣ್ಣದ ಕಲ್ಲೇ!”

ಆಮೇಲೆ ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಗೋಲಿ ಸೋಡಾದಲ್ಲಿ ಗುಳ್ಳೆ ಬರಿಸುವ ಗಾಳಿ ಇಂಗಾಲದ ಡೈಆಕ್ಸೈಡ್. ಅದು ನಮ್ಮ ಸುತ್ತಲಿನ ಗಾಳಿಯಲ್ಲೂ ಇದೆ. ಎಲೆ ಕೊಳೆಯುವ ಕಾಡುಮಣ್ಣಿನಲ್ಲಿ ಇನ್ನೂ ಹೆಚ್ಚು. ಮಳೆನೀರು ಬೀಳುವಾಗ, ಮಣ್ಣಿನಲ್ಲಿ ಇಂಗುವಾಗ ಆ ಗಾಳಿಯನ್ನು ಹೀರಿಕೊಂಡು ತುಂಬ ತೆಳುವಾದ ಸೋಡಾ ಆಗುತ್ತದೆ. ನಾಲಿಗೆಗೆ ಗೊತ್ತಾಗದಷ್ಟು ಹುಳಿ, ಆದರೆ ಸುಣ್ಣದ ಕಲ್ಲಿಗೆ ಗೊತ್ತಾಗುತ್ತದೆ. ಬಿರುಕಿನೊಳಗೆ ಇಳಿದ ನೀರು ಕೂದಲೆಳೆಗಿಂತ ಕಡಿಮೆ ಕಲ್ಲನ್ನು ಕರಗಿಸಿ ಒಯ್ಯುತ್ತದೆ. ಮುಂದಿನ ಮಳೆಗಾಲ ಮತ್ತಷ್ಟು. ಈ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಎಷ್ಟೋ ಸಾವಿರ ಮಳೆಗಾಲಗಳಲ್ಲಿ ಬಿರುಕು ಸೀಳಾಗಿ, ಸೀಳು ಓಣಿಯಾಗಿ, ನಡುವಿನ ಗಟ್ಟಿಭಾಗ ಮಾತ್ರ ಶಿಖರವಾಗಿ ಉಳಿಯಿತು. ಆಂಧ್ರದ ಬೆಲುಂ ಮತ್ತು ಬೊರ್ರಾ ಗುಹೆಗಳನ್ನು ಕೊರೆದದ್ದೂ ಇದೇ ನೀರು. ಅಲ್ಲಿ ನೆಲದಡಿ ನಡೆದ ಕೆಲಸವನ್ನು ಇಲ್ಲಿ ಬೆಳಕಿನಲ್ಲೇ ನೋಡಬಹುದು.

“ಕರಗಿದ ಕಲ್ಲು ಎಲ್ಲಿ ಹೋಯಿತು?” ಎಂದು ಮೊಮ್ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಸೀಳಿನಿಂದ ಹೊರಬಂದು, ಕೆಳಗಿನ ಚಂಡಿಹೊಳೆಯವರೆಗೂ ಇಳಿಯಬೇಕಾಯಿತು.

ಹೊಳೆಯ ದಂಡೆಯಲ್ಲಿ ಕೂತು, ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ಬಿಚ್ಚಿದೆವು. ಈ ಹೊಳೆ ಅಘನಾಶಿನಿ ನದಿಯನ್ನು ಸೇರುತ್ತದೆ. ಅಘನಾಶಿನಿ ಕುಮಟಾದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಆ ಅಳಿವೆಯ ಕೆಸರಿನಲ್ಲಿ ಚಿಪ್ಪಿನ ಜೀವಿಗಳು ರಾಶಿರಾಶಿ. ಅವು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿಕೊಂಡೇ ಚಿಪ್ಪು ಕಟ್ಟುವುದು. ಆ ಚಿಪ್ಪನ್ನು ಸುಟ್ಟು ಕರಾವಳಿಯಲ್ಲಿ ಹಿಂದಿನಿಂದಲೂ ಸುಣ್ಣ ಮಾಡುತ್ತಾರೆ. ತರುಣ ಮೊಮ್ಮಗನ ಕೈಯಲ್ಲಿದ್ದ ಕೋಲಿನ ಗಂಟನ್ನು ತೋರಿಸಿ, “ಇದು ಚಿಪ್ಪಿನ ಸುಣ್ಣವೇ. ಈ ಬಂಡೆಯ ಒಂದು ಕಣ ಇದರಲ್ಲಿ ಇದ್ದರೂ ಇರಬಹುದು,” ಎಂದ. ನಾನು ನನ್ನ ಎಲೆಯಡಿಕೆಯ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಅದರ ಪಕ್ಕದಲ್ಲಿಟ್ಟೆ. ಹುಡುಗ ಡಬ್ಬಿಯನ್ನೂ ಬಂಡೆಯನ್ನೂ ಸರದಿಯಂತೆ ನೋಡಿದ.

“ಹಾಗಾದರೆ ಭಸ್ಮಾಸುರನ ಕಥೆ ಸುಳ್ಳು ತಾನೇ?” ಎಂದು ಅವನು ತರುಣನನ್ನೇ ಕೇಳಿದ. ನನ್ನ ಹೆಂಡತಿ ಅವಲಕ್ಕಿಯ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

ತರುಣ ಸ್ವಲ್ಪ ಯೋಚಿಸಿದ. “ನಾನು ಶಾಲೆಯಲ್ಲಿ ಓದಿದ್ದು ನೀನು ಓದಿದ್ದೇ. ಈ ಕಲ್ಲನ್ನು ಸುಟ್ಟರೆ ಕಪ್ಪಾಗುವುದಿಲ್ಲ, ಬಿಳಿ ಸುಣ್ಣವಾಗುತ್ತದೆ. ಅದೂ ಗೊತ್ತು. ಆದರೆ ಇನ್ನೊಂದು ಲೆಕ್ಕ ನೋಡು. ಸುಣ್ಣದ ಕಲ್ಲೆಂದರೆ ದುಡ್ಡು. ಸಿಮೆಂಟಿಗೆ ಬೇಕು, ಸುಣ್ಣಕ್ಕೆ ಬೇಕು, ಮನೆಗೆ ಹಾಸಲು ಬೇಕು. ಬೇರೆ ಕಡೆ ಇಂಥ ಕಲ್ಲನ್ನು ಒಡೆದು ಲಾರಿಯಲ್ಲಿ ಹೇರುತ್ತಾರೆ. ಇಲ್ಲಿ ನಮ್ಮ ಮುತ್ತಜ್ಜನ ಕಾಲದಲ್ಲಿ ಸುಣ್ಣ ಬೇಕಾಗಿದ್ದವರು ಇರಲಿಲ್ಲವೇ? ಇದ್ದರು. ಆದರೂ ಯಾರೂ ಈ ಬಂಡೆಗೆ ಸುತ್ತಿಗೆ ಹಾಕಲಿಲ್ಲ. ಭೈರವ ನಿಂತ ಜಾಗ, ಮೋಹಿನಿ ಕುಣಿದ ಜಾಗ ಅಂತ ಅವರ ಅಜ್ಜಿಯರು ಹೇಳಿದ್ದರು. ಕಲ್ಲು ಹೇಗೆ ಹುಟ್ಟಿತು ಅಂತ ನಿನ್ನ ಪುಸ್ತಕ ಹೇಳುತ್ತದೆ. ಕಲ್ಲು ಯಾಕೆ ಉಳಿಯಿತು ಅಂತ ಕೇಳಿದರೆ ನಾನು ನಿನ್ನ ಅಜ್ಜಿಯ ಕಥೆ ಹೇಳುತ್ತೇನೆ.”

ಯಾರೂ ಮಾತಾಡಲಿಲ್ಲ. ಹೊಳೆಯ ನೀರು ಮಾತ್ರ ತನ್ನ ಪಾಡಿಗೆ ಹರಿಯುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಮೊಮ್ಮಗ ಅಜ್ಜಿಯ ಹತ್ತಿರ ಸರಿದು ಕೂತ. “ಅಜ್ಜಿ, ವರ ಕೊಡುವ ಮೊದಲು ಶಿವ ಯೋಚನೆ ಮಾಡಲಿಲ್ಲವಾ?” ಎಂದು ಕೇಳಿದ. ಎರಡು ದಿನದಲ್ಲಿ ಅವಳಿಗೆ ಅವನಾಡಿದ ಮೊದಲ ಮಾತು.

“ಅದನ್ನೇ ಕೇಳಬೇಕು,” ಎಂದಳು ಅವಳು. “ಕಥೆಯನ್ನು ಪ್ರಶ್ನೆ ಕೇಳು, ಬೇಡ ಅನ್ನುವುದಿಲ್ಲ. ‘ನಾನು ನಂಬುವುದಿಲ್ಲ’ ಅನ್ನು, ಅದಕ್ಕೂ ಬೇಸರವಿಲ್ಲ. ‘ನೀನು ಸುಳ್ಳು ಹೇಳುತ್ತೀ’ ಅಂದೆಯಲ್ಲ, ಅದು ಬೇರೆ. ನನಗೆ ನನ್ನ ಅಜ್ಜಿ ಕೊಟ್ಟದ್ದನ್ನು ನಿನಗೆ ಕೊಟ್ಟೆ. ಅದರಲ್ಲಿ ಮೋಸ ಇರಲಿಲ್ಲ.”

ಹುಡುಗ ತಲೆಯಾಡಿಸಿದ. ಇಳಿಯುವ ದಾರಿಯಲ್ಲಿ ಅವಳ ಮಂಡಿ ನೋಯತೊಡಗಿದಾಗ ಕೋಲನ್ನು ಅವಳ ಕೈಗೆ ಕೊಟ್ಟು, ಇನ್ನೊಂದು ಕೈಯನ್ನು ತಾನು ಹಿಡಿದುಕೊಂಡ. ಮೋಹಿನಿಯ ಕುಣಿತ ಶುರುವಾಗುವಲ್ಲಿಂದ ಮತ್ತೆ ಹೇಳು ಎಂದ. ಅವಳು ಹೇಳಿದಳು. ಈ ಸಲ ಕಥೆಯ ಕೊನೆಯಲ್ಲಿ ಮಳೆ ಬಂತು, ಬೂದಿ ತೊಳೆದುಹೋಯಿತು, ಕಲ್ಲು ಸೀಳಿತು, ಸೀಳಿದ ಕಲ್ಲಿನ ಸುಣ್ಣ ಸಮುದ್ರದವರೆಗೂ ಹೋಗಿ ಚಿಪ್ಪಾಯಿತು. ಕಥೆ ಬೆಳೆದದ್ದು ನನಗೆ ಗೊತ್ತಾಯಿತು. ಅವನಿಗೂ ಗೊತ್ತಾಯಿತು. ಅವನು ನನ್ನತ್ತ ತಿರುಗಿ ನಕ್ಕ.

ನೀವೂ ಯಾಣಕ್ಕೆ ಹೋಗುವುದಾದರೆ ಕೆಲವು ಮಾತು. ಜೋರು ಮಳೆಗಾಲ ಬಿಟ್ಟು ಹೋಗಿ. ಆಗ ಕಲ್ಲು ಬಹಳ ಜಾರುತ್ತದೆ. ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದಾರಿಗಿಂತ ಹೆಚ್ಚಾಗಿ ಮಾತಿಗೆ ಅವರು ಬೇಕು. ಕುಡಿಯುವ ನೀರು, ಒಂದು ಟಾರ್ಚ್ ಇರಲಿ. ಪ್ಲಾಸ್ಟಿಕ್ ಒಯ್ದರೆ ಮರಳಿ ತನ್ನಿ. ಬಂಡೆಯ ಮೇಲೆ ಹೆಸರು ಕೆತ್ತಬೇಡಿ. ನೀರು ಎಷ್ಟೋ ಸಾವಿರ ವರ್ಷ ಕೂತು ಬರೆದದ್ದರ ಮೇಲೆ ನಾವು ಐದು ನಿಮಿಷದಲ್ಲಿ ಗೀಚುವುದು ಸರಿಯಲ್ಲ.

ಹೋಗಲಾಗದಿದ್ದರೆ ಮಕ್ಕಳೇ, ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಕಡಲತೀರದಿಂದ ತಂದ ಚಿಪ್ಪೊಂದಿದ್ದರೆ ಬಟ್ಟಲಲ್ಲಿಟ್ಟು, ಅದು ಮುಳುಗುವಷ್ಟು ನಿಂಬೆರಸ ಹಾಕಿ. ಸಣ್ಣ ಗುಳ್ಳೆಗಳು ಏಳುತ್ತವೆ. ಸೋಡಾದ ಗಾಳಿಯೇ ಅದು. ಗುಳ್ಳೆ ನೋಡುತ್ತಾ ಕೂತಾಗ ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ, ಭಸ್ಮಾಸುರನ ಕಥೆ ಗೊತ್ತೇ ಎಂದು ಕೇಳಿ. ಪ್ರಶ್ನೆಗಳನ್ನೂ ಕೇಳಿ. ಅವರು ಹೇಳುವುದರಲ್ಲಿ ನಿಮ್ಮ ಪುಸ್ತಕದಲ್ಲಿ ಇಲ್ಲದ ಏನೋ ಒಂದು ಸಿಕ್ಕೇ ಸಿಗುತ್ತದೆ.