ಅವ್ವನ ಜೋಜಿಲಾ

ಸೋನಮಾರ್ಗ್ ದಾಟಿ ತುಸು ದೂರ ಹೋಗಿದ್ದೆವು, ಸುಮೋ ನಿಂತೇಬಿಟ್ಟಿತು. ಮೇಲಿಂದ ಮಿಲಿಟರಿ ಕಾನ್ವಾಯ್ ಇಳೀತಿದೆ, ಅದು ಮುಗಿಯೋವರೆಗೆ ನಮ್ಮನ್ನು ಬಿಡುವುದಿಲ್ಲ ಎಂದು ಹೇಳಿ ಡ್ರೈವರ್ ಎಂಜಿನ್ ಆರಿಸಿ ಚಹಾ ಹುಡುಕಿಕೊಂಡು ಹೋದ. ಜತೆಗಿದ್ದವರು ಗೊಣಗಿದರು. ನನಗೋ ಒಳಗೊಳಗೇ ಹಿಗ್ಗು. ಹಸಿರು ಲಾರಿಗಳು ಒಂದರ ಹಿಂದೊಂದು ಕೆಸರು ಸಿಡಿಸುತ್ತ ಇಳಿದು ಬಂದವು. ಒಬ್ಬೊಬ್ಬ ಡ್ರೈವರನ ಮುಖವನ್ನೂ ನೋಡಿದೆ. ಇಪ್ಪತ್ತೈದು, ಇಪ್ಪತ್ತಾರರ ಹುಡುಗರು. ನಮ್ಮಪ್ಪ ಇಲ್ಲಿ ಮೊದಲ ಸಲ ಶಕ್ತಿಮಾನ್ ಲಾರಿ ಹತ್ತಿಸಿದಾಗ ಅವನಿಗೂ ಅಷ್ಟೇ ವಯಸ್ಸು.

ಆದರೆ ನಾನು ಇಲ್ಲಿಗೆ ಬಂದದ್ದು ಅಪ್ಪನಿಗಾಗಿ ಅಲ್ಲ, ಅವ್ವನಿಗಾಗಿ. ಗೋಕಾಕ ತಾಲೂಕಿನ ನಮ್ಮೂರಿಂದ ಅವ್ವ ಅತ್ತ ಜಬಲ್ಪುರದವರೆಗೆ ಹೋಗಿದ್ದಳು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಎರಡು ವರ್ಷ ಇದ್ದು, ಕಾಯಿಪಲ್ಲೆ ಕೊಳ್ಳುವಷ್ಟು ಹಿಂದಿ ಕಲಿತು ತಿರುಗಿ ಬಂದಳು. ಹಿಮ ನೋಡಲಿಲ್ಲ. ಬೆಟ್ಟವೆಂದರೆ ಅವಳಿಗೆ ಯಲ್ಲಮ್ಮನ ಗುಡ್ಡ. ಹಾಗಿದ್ದೂ ಜೋಜಿಲಾ ಅವಳಿಗೆ ಹಿತ್ತಲಷ್ಟು ಪರಿಚಿತ.

ಕಾರಣ ಸರಳ. ಕಾಶ್ಮೀರ ಕಣಿವೆಯಿಂದ ಲಡಾಖಕ್ಕೆ ಹೋಗುವ ದಾರಿ ಸುಮಾರು 11,500 ಅಡಿ ಎತ್ತರದ ಈ ಘಾಟಿಯನ್ನು ಹತ್ತಿಯೇ ಇಳಿಯಬೇಕು. ಚಳಿಗಾಲದಲ್ಲಿ ಹಿಮ ಕುಸಿದು ದಾರಿ ಹೂತುಹೋಗುತ್ತದೆ, ಅಪ್ಪನ ಕಾಲದಲ್ಲಿ ತಿಂಗಳುಗಟ್ಟಲೆ ಬಂದ್ ಆಗುತ್ತಿತ್ತು. ಅಷ್ಟು ದಿನಕ್ಕೆ ಆಚೆಗಿರುವ ಸೈನಿಕರಿಗೆ ಬೇಕಾದ ಹಿಟ್ಟು, ಬೇಳೆ, ಸೀಮೆಎಣ್ಣೆ ಎಲ್ಲವನ್ನೂ ಬೇಸಿಗೆಯಲ್ಲೇ ಸಾಗಿಸಿ ಪೇರಿಸಿಡಬೇಕಾಗಿತ್ತು. ಅಪ್ಪ ಇದ್ದದ್ದು ಆರ್ಮಿ ಸರ್ವಿಸ್ ಕೋರಿನಲ್ಲಿ. ಘಾಟಿ ತೆರೆದಿರುವಾಗ ರಜೆ ಎಂಬ ಮಾತೇ ಇಲ್ಲ. ಕಾರಹುಣ್ಣಿಮೆ, ಪಂಚಮಿ, ದಸರಾ ಎಲ್ಲ ಅವನಿಲ್ಲದೆಯೇ ಮುಗಿಯುತ್ತಿದ್ದವು. ಘಾಟಿ ಮುಚ್ಚಿದ ಮೇಲೆ ರಜೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಬಂಡಿ ಹೊಡೆಯುತ್ತಿದ್ದವನು ಅಪ್ಪನೇ.

ಹಾಗಾಗಿ ಹಿಂಗಾರಿ ಜೋಳ ಬಿತ್ತಿ ಮುಗಿದದ್ದೇ ತಡ, ಅವ್ವನ ಕಣ್ಣು ಎರಡು ಸಾವಿರ ಕಿಲೋಮೀಟರ್ ಆಚೆಗಿನ ಮುಗಿಲಿನ ಮೇಲೆ. ಅಂಚೆಯವನು 56 ಎಪಿಒ ಮುದ್ರೆಯ ಇನ್‌ಲ್ಯಾಂಡ್ ಕಾಗದ ತಂದರೆ ಅಂಚನ್ನು ಹರಿಯದಂತೆ ಸೂಜಿಯಿಂದ ಬಿಡಿಸಿ, ಮೊದಲು ಹುಡುಕುತ್ತಿದ್ದದ್ದು ಒಂದೇ ಸಾಲು: ಘಾಟಿಯಲ್ಲಿ ಹಿಮ ಬಿತ್ತೇ? ಅಪ್ಪ ಕಷ್ಟಪಡುವ ಜಾಗದಲ್ಲಿ ಚಳಿ ಬೇಗ ಬರಲಿ ಎಂದು ಬೇಡಿಕೊಳ್ಳುವುದು ಅವಳಿಗೇ ಸರಿಕಾಣದೆ, ದೇವರ ಮುಂದೆ ಬಾಯಿಬಿಡದೆ ಸುಮ್ಮನೆ ನಿಲ್ಲುತ್ತಿದ್ದಳು.

ಅವಳು ಹೋದ ಮೇಲೆ ಕರಿಯ ಟ್ರಂಕು ತೆಗೆದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ನಂಬರು, ಹೆಸರು. ಇಳಕಲ್ ಸೀರೆಗಳ ತಳದಲ್ಲಿ ಹಾಸಿದ್ದವು ಹಳೆಯ ಕ್ಯಾಲೆಂಡರ್ ಹಾಳೆಗಳು, ಅಪ್ಪ ಈ ದಾರಿಯಲ್ಲಿದ್ದ ಆರು ವರ್ಷಗಳವು. ನಾಲ್ಕನೇ ಇಯತ್ತೆ ಕಲಿತವಳ ದಪ್ಪ ಅಕ್ಷರ, ಪೆನ್ಸಿಲಿನದು. ‘ಎಮ್ಮಿ ಈಯಿತು’, ‘ಸಾಲಿ ಫೀ ಕೊಟ್ಟದ್ದು’, ಹಾಲಿನ ಲೆಕ್ಕ. ನಡುವೆ ವರ್ಷಕ್ಕೆರಡು ಸಲ, ಕಾಗದದಲ್ಲಿ ಅಪ್ಪ ಬರೆದ ತಾರೀಖಿನ ಮನೆಯಲ್ಲೇ: ‘ಘಾಟಿ ತೆರೀತು’, ‘ಘಾಟಿ ಮುಚ್ಚಿತು’. ಅದಾದ ಕೆಲವು ದಿನಕ್ಕೆ, ಇನ್ನಷ್ಟು ಒತ್ತಿ ಬರೆದದ್ದು: ‘ಬಂದ್ರು’.

1999ರ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಮೇ ಕೊನೆಯಿಂದ ಜುಲೈವರೆಗೆ ಏನೂ ಇಲ್ಲ. ಹಾಲಿನ ಲೆಕ್ಕವೂ ಇಲ್ಲ. ಆ ಬೇಸಿಗೆ ನನಗೆ ನೆನಪಿದೆ. ಊರಿನ ಟೀವಿಗಳಲ್ಲೆಲ್ಲ ಕಾರ್ಗಿಲ್. ಅವ್ವ ನಮ್ಮ ಜಡೆ ಹೆಣೆದಳು, ರೊಟ್ಟಿ ಬಡಿದಳು, ಮುಂಗಾರಿಗೆ ಹೆಸರು ಬಿತ್ತಿಸಿದಳು. ಕೆಲಸ ಒಂದೂ ನಿಲ್ಲಲಿಲ್ಲ. ಬರೆಯುವುದು ಮಾತ್ರ ನಿಂತಿತ್ತು. ಆಗಸ್ಟಿನ ಒಂದು ಮನೆಯಲ್ಲಿ ‘ಕಾಗದ ಬಂತು’ ಎಂದಿದೆ.

ಕಾನ್ವಾಯ್ ಮುಗಿಯಿತು. ಸುಮೋ ಹತ್ತತೊಡಗಿತು. ಸಿಂಧ್ ನದಿ ಕೆಳಗುಳಿಯಿತು. ಲಡಾಖದ ಸಿಂಧೂ ಅಲ್ಲ ಇದು, ಝೇಲಂ ಸೇರುವ ಕಾಶ್ಮೀರದ ಸಿಂಧ್. ಬಾಲ್ತಾಲದಲ್ಲಿ ಅಮರನಾಥ ಯಾತ್ರೆಗೆ ಎದ್ದ ಡೇರೆಗಳು ಅಕ್ಕಿಕಾಳು ಚೆಲ್ಲಿದಂತೆ ಕಂಡವು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಹಿಮ ಕರಗಿದ ನೀರು ರಸ್ತೆಯ ಮೇಲೇ ಹರಿಯುತ್ತಿತ್ತು, ಗಾಲಿ ಜಾರಿದಾಗಲೆಲ್ಲ ಎಲ್ಲರೂ ಬಂಡೆಯ ಕಡೆಗೆ ವಾಲುತ್ತಿದ್ದೆವು. 1948ರ ನವೆಂಬರ್ 1ರಂದು ಇಲ್ಲಿಗೆ ಟ್ಯಾಂಕುಗಳೇ ಹತ್ತಿ ಬಂದವಂತೆ! ಹೇಸರಗತ್ತೆ ನಡೆಯುವ ಜಾಡನ್ನು ಟ್ಯಾಂಕಿನ ದಾರಿ ಮಾಡಿದವರು ಬೆಂಗಳೂರು ಮೂಲನೆಲೆಯ ಮದ್ರಾಸ್ ಸ್ಯಾಪರ್ಸ್, ಆ ಸಾಹಸಕ್ಕೆ ಕೈಹಾಕಿದ ದಂಡನಾಯಕ ಕೊಡಗಿನ ತಿಮ್ಮಯ್ಯ. ಓದಿದಾಗ ನಂಬಿದ್ದೆ. ಇಲ್ಲಿ ನಿಂತಾಗ ನಂಬುವುದು ಕಷ್ಟವಾಯಿತು.

ಆಮೇಲೆ ಒಂದು ತಿರುವು. ಹಿಂದೆ ಹಸಿರು, ದೇವದಾರು, ಭೂರ್ಜ. ಮುಂದೆ ಮರವೆಂಬುದೇ ಇಲ್ಲ, ಬೂದು ಕಲ್ಲು, ಕಂದು ಕಲ್ಲು, ಅದರ ಮೇಲೆ ಕಣ್ಣು ಕುಕ್ಕುವ ನೀಲಿ ಮುಗಿಲು. ಯಾರೋ ಒಂದು ದೇಶದ ಹಾಳೆ ತಿರುವಿ ಇನ್ನೊಂದನ್ನು ತೆರೆದಂತಾಯಿತು. ಬಾಯಿಂದ ಮಾತು ಹೊರಡಲಿಲ್ಲ. ‘ಗಿಡಾ ಮುಗಿದಲ್ಲಿ ಘಾಟಿ ಮುಗೀತು ತಿಳೀರಿ’ ಎಂದು ಅವ್ವ ನಮಗೆ ಹೇಳುತ್ತಿದ್ದಳು, ತಾನೇ ಕಂಡಂತೆ. ಸುಳ್ಳಲ್ಲ.

ಡ್ರೈವರನನ್ನು ಕೇಳಿ ಗಾಡಿ ನಿಲ್ಲಿಸಿದೆ. ರಸ್ತೆಗಾಗಿ ಕತ್ತರಿಸಿದ ಹಿಮದ ಗೋಡೆ ಜೂನ್ ಕೊನೆಯಲ್ಲೂ ನನ್ನೆದೆಯೆತ್ತರ ಇತ್ತು. ಹತ್ತಿರ ಹೋದರೆ ಬಿಳಿಯಲ್ಲ. ಪದರ ಪದರವಾಗಿ ಹೊಗೆ, ಧೂಳು, ಬೂದು ಗೆರೆಗಳು. ಒಂದೊಂದು ಗೆರೆಯಿಂದಲೂ ಹನಿ ತೊಟ್ಟಿಕ್ಕುತ್ತಿತ್ತು. ಅವ್ವ ಒಂದು ಕಾಗದದಲ್ಲಿ ಕೇಳಿದ್ದಳಂತೆ, ಹಿಮದ ವಾಸನಿ ಹೆಂಗಿರತೈತಿ ಎಂದು. ‘ವಾಸನಿ ಇಲ್ಲ’ ಎಂದಷ್ಟೇ ಬರೆದು ಅಪ್ಪ ಮುಂದಿನ ಸುದ್ದಿಗೆ ಹೋಗಿದ್ದ. ಮೂಗು ತಾಗಿಸಿ ನೋಡಿದೆ. ವಾಸನೆ ಇದೆ. ಡೀಸೆಲ್, ಅದರ ಹಿಂದೆ, ಮೊದಲ ಮಳೆಗೆ ನೆನೆದ ಎರೆಮಣ್ಣಿನ ಹೆಂಟೆಯದು. ಓಡಿಹೋಗಿ ಹೇಳಬೇಕೆನಿಸಿತು. ಹೇಳುವುದಕ್ಕೆ ಅವಳಿಲ್ಲ. ಚೀಲದಿಂದ ಕಡಕ್ ರೊಟ್ಟಿ ತೆಗೆದು ಮುರಿದೆ. ಪ್ರತಿ ರಜೆ ಮುಗಿದಾಗಲೂ ಹಳೇ ಧೋತರದಲ್ಲಿ ಸುತ್ತಿ, ಶೇಂಗಾ ಚಟ್ನಿಪುಡಿಯ ಡಬ್ಬಿಯ ಜತೆ ಅವಳು ಟ್ರಂಕಿಗಿಡುತ್ತಿದ್ದ ರೊಟ್ಟಿ. ಈ ಎತ್ತರದಲ್ಲಿ ಎಷ್ಟು ಸಲ ಇದು ಹೀಗೆ ಮುರಿದಿತ್ತೋ.

ಕೆಳಗೆ ಬೆಟ್ಟವನ್ನೇ ಕೊರೆದು ಸುರಂಗ ಮಾಡುತ್ತಿದ್ದಾರೆ, ಹದಿಮೂರು ಕಿಲೋಮೀಟರಿಗೂ ಉದ್ದ. ಮುಗಿದ ಮೇಲೆ ಚಳಿಗಾಲದಲ್ಲೂ ಗಾಡಿಗಳು ಓಡುತ್ತವೆ.

ದ್ರಾಸಿಗೆ ಬರುವಷ್ಟರಲ್ಲಿ ಮಧ್ಯಾಹ್ನ. ತೊಲೊಲಿಂಗ್ ಬೆಟ್ಟದ ಬುಡದಲ್ಲೇ ಕಾರ್ಗಿಲ್ ಯುದ್ಧದ ಸ್ಮಾರಕ. ಆ ಯುದ್ಧದಲ್ಲಿ ತೀರಿಕೊಂಡ ನಮ್ಮ ಸೈನಿಕರು 527 ಮಂದಿ. ಗೋಡೆಯ ಮೇಲಿನ ಹೆಸರುಗಳನ್ನು ಓದುತ್ತ ಹೋದೆ. ತಲೆಯೆತ್ತಿ ನೋಡಿದರೆ ಶತ್ರು ಕುಳಿತಿದ್ದ ಶಿಖರ, ತಿರುಗಿ ನೋಡಿದರೆ ಅಪ್ಪ ಹೆಡ್‌ಲೈಟ್ ಆರಿಸಿ ರಾತ್ರಿ ಲಾರಿ ಓಡಿಸಿದ ರಸ್ತೆ. ಎರಡರ ನಡುವೆ ಇಷ್ಟೇ ಅಂತರ ಎಂದು ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು ಎಂದೇ ಈಗ ಅನಿಸುತ್ತದೆ. ಕ್ಯಾಲೆಂಡರಿನ ಆ ಖಾಲಿ ಮನೆಗಳು ಸುಮ್ಮನೆ ಖಾಲಿ ಇರಲಿಲ್ಲ.

ನನ್ನ ಪ್ರಿಪೇಯ್ಡ್ ಸಿಮ್ ಇಲ್ಲಿ ನಡೆಯುವುದಿಲ್ಲ. ಚಹಾದಂಗಡಿಯವನ ಫೋನಿನಿಂದ ಊರಿಗೆ ಹಚ್ಚಿದೆ. ಅಪ್ಪನಿಗೆ ಕಿವಿ ಮಂದ, ಎರಡು ಸಲ ಕೂಗಿ ಹೇಳಬೇಕಾಯಿತು.

“ದ್ರಾಸ್‌ದಾಗ ಅದೀನಿ ಅಪ್ಪಾ!”

“ಘಾಟಿ ಹತ್ತಿ ಇಳದ್ಯಾ? ದಾರಿ ಹೆಂಗೈತಿ?”

“ಬರೇ ರಾಡಿ. ಹಿಮ ಇನ್ನೂ ಐತಿ.”

ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆ.

“ಇವತ್ತಿನ ತಾರೀಖು ಬರದಿಡಬೇ ಯವ್ವಾ” ಅಂದ ಅಪ್ಪ.